ಬಸುರಿ ಹುಳು ಬೇಡಿದ ಕತ್ತಲೆ

ಲೋಕ ಆಗ ಇನ್ನೂ ಹೊಸದು. ಎಷ್ಟು ಹೊಸದೆಂದರೆ, ಬೆಟ್ಟಗಳು ಇನ್ನೂ ಸರಿಯಾಗಿ ಕುಳಿತುಕೊಂಡಿರಲಿಲ್ಲ, ನಡುನಡುವೆ ಎದ್ದು ಜಾಗ ಬದಲಾಯಿಸುತ್ತಿದ್ದವು. ಹೊಳೆಗಳಿಗೆ ಸಮುದ್ರದ ದಾರಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ನಿಲ್ಲಿಸಿ ಕೇಳುತ್ತಿದ್ದವು. ಕತ್ತೆ ತನ್ನ ದನಿಯನ್ನು ಮೊದಲ ಸಲ ಕೇಳಿ ತಾನೇ ಬೆಚ್ಚಿಬಿದ್ದದ್ದೂ ಆ ದಿನಗಳಲ್ಲೇ.

ಆ ಕಾಲದಲ್ಲಿ ಒಂದು ಮಡ್ಡಿ ಇತ್ತು. ಮಡ್ಡಿ ಎಂದರೆ ಎತ್ತರದ ಬರಡು ನೆಲ. ಅಲ್ಲಿ ಇದ್ದದ್ದು ಕಲ್ಲು, ಕುರುಚಲು ಹುಲ್ಲು, ಆಮೇಲೆ ಮತ್ತೆ ಕಲ್ಲು. ಮರ ಅಂತ ಹೇಳಿಕೊಳ್ಳಲು ಒಂದೇ ಒಂದು ಜಾಲಿ. ಮಡ್ಡಿಯ ಕೆಳಗೆ ಒಂದು ಸಣ್ಣ ಹಳ್ಳ ಹರಿಯುತ್ತಿತ್ತು. ಅದರ ದಂಡೆಯ ಮಣ್ಣು ಮಾತ್ರ ಮೆತ್ತಗಿತ್ತು.

ಹಗಲಲ್ಲಿ ಆ ಮಡ್ಡಿಯನ್ನು ಒಮ್ಮೆ ನೋಡಿದವರು ಎರಡನೇ ಸಲ ನೋಡುತ್ತಿರಲಿಲ್ಲ. ಆದರೆ ಕತ್ತಲಾಯಿತೆಂದರೆ ಅದರ ಮೇಲಿನ ಆಕಾಶ ತುಂಬಿಹೋಗುತ್ತಿತ್ತು. ದೊಡ್ಡ ಚುಕ್ಕಿ, ಸಣ್ಣ ಚುಕ್ಕಿ, ಇನ್ನೂ ಹೆಸರಿಡದ ಚುಕ್ಕಿ. ಅವುಗಳ ನಡುವೆ ಈ ತುದಿಯಿಂದ ಆ ತುದಿಗೆ ಬೆಳ್ಳಗೆ ಒಂದು ಪಟ್ಟಿ. ಓದಿದವರು ಅದನ್ನು ಆಕಾಶಗಂಗೆ ಎನ್ನುತ್ತಾರೆ. ಮಡ್ಡಿಯವರಿಗೆ ಅದು ಮೇಲಿನ ಹಳ್ಳ. ಮೇಲಿನ ಹಳ್ಳಕ್ಕೂ ಕೆಳಗಿನ ಹಳ್ಳಕ್ಕೂ ಅಕ್ಕತಂಗಿಯರ ಸಲಿಗೆ. ರಾತ್ರಿಯಿಡೀ ಇಬ್ಬರೂ ಮಾತಾಡುತ್ತಲೇ ಇರುತ್ತಿದ್ದರು, ಏನು ಮಾತಾಡುತ್ತಿದ್ದರೋ ಅವರಿಗೇ ಗೊತ್ತು.

ಒಂದು ದಿನ ಭೂಮಿತಾಯಿ ಎಲ್ಲರನ್ನೂ ಕರೆದು ಕೆಲಸ ಹಂಚಿದಳು. ಜೇನಿಗೆ ಹೂವಿನ ಕೆಲಸ ಸಿಕ್ಕಿತು. ಜೇಡನಿಗೆ ನೇಯುವ ಕೆಲಸ. ಇರುವೆಗೆ ಕೂಡಿಡುವ ಕೆಲಸ. ಎಲ್ಲ ಮುಗಿದ ಮೇಲೆ ಒಂದು ಕೆಲಸ ಉಳಿಯಿತು. ಬಯಲಲ್ಲಿ ಬಿದ್ದ ಸಗಣಿಯನ್ನು ಒಯ್ದು ಮಣ್ಣಿನೊಳಗೆ ಸೇರಿಸುವ ಕೆಲಸ. ಭೂಮಿತಾಯಿ ಸುತ್ತ ನೋಡಿದಳು. ಚಿಟ್ಟೆ ಆಕಾಶ ನೋಡಿತು. ಮಿಡತೆ ಕಾಲು ನೋಡಿಕೊಂಡಿತು. ನಗಬೇಡ ಮಗೂ, ನೀನಿದ್ದರೂ ಹಾಗೇ ಮಾಡುತ್ತಿದ್ದೆ.

ಆಗ ಹಿಂದಿನಿಂದ ಒಂದು ಕರಿ ಹುಳು ಮುಂದೆ ಬಂತು. ಅವಳ ಹೆಸರು ಉರುಳವ್ವ.

“ಕೊಡು ಇಲ್ಲೆ, ಯವ್ವ,” ಎಂದಳು. “ಯಾರರ ಮಾಡಬೇಕಲ್ಲ.”

ಭೂಮಿತಾಯಿಗೆ ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಅವಳ ಬೆನ್ನನ್ನು ತನ್ನ ಸೆರಗಿನಿಂದ ಒರೆಸಿ ಹೊಳೆಯುವಂತೆ ಮಾಡಿದಳು. ಆ ಹೊಳಪು ಈಗಲೂ ಇದೆ.

ಉರುಳವ್ವ ಕೆಲಸ ಕಲಿತದ್ದು ತಾನೇ. ಸಗಣಿಯನ್ನು ತಟ್ಟಿ ತಟ್ಟಿ ಉಂಡೆ ಮಾಡುವಳು. ತಲೆ ಕೆಳಗೆ ಹಾಕಿ, ಹಿಂಗಾಲಿನಿಂದ ಉಂಡೆಯನ್ನು ಒದೆಯುತ್ತ, ಹಿಮ್ಮುಖವಾಗಿ ನಡೆಯುವಳು. ಹಿಮ್ಮುಖ ನಡೆಯುವವಳಿಗೆ ಹೋಗುವ ದಾರಿ ಕಾಣುವುದು ಹೇಗೆ? ಅದಕ್ಕೇ ಅವಳು ಮೇಲಿನ ಹಳ್ಳವನ್ನು ನೋಡಿಕೊಂಡು ನಡೆಯುತ್ತಿದ್ದಳು. ಅದು ಎಡಗಣ್ಣಿಗೆ ಕಾಣುತ್ತಿದ್ದರೆ ದಾರಿ ಸರಿ ಎಂದರ್ಥ. ಹಾಗೆ ನೆಟ್ಟಗೆ ಹೋದರೆ ಕೆಳಗಿನ ಹಳ್ಳದ ಮೆತ್ತನೆ ಮಣ್ಣು ಸಿಗುತ್ತಿತ್ತು. ಅಲ್ಲಿ ಗುಂಡಿ ತೋಡಿ ಉಂಡೆಯನ್ನು ಹೂಳುತ್ತಿದ್ದಳು. ದಿನವೂ ಹಾಗೇ. ಮೇಲಿನ ಹಳ್ಳ ಅಲ್ಲಿ ಇಲ್ಲದೆ ಹೋಗಬಹುದು ಎಂಬ ಯೋಚನೆ ಅವಳಿಗೆ ಒಂದು ದಿನವೂ ಬರಲಿಲ್ಲ.

ಆ ಮಡ್ಡಿಯ ಮೇಲೆ ಒಂದೇ ಒಂದು ಮನೆ. ಕುರಿ ಕಾಯುವ ಮಾಳಪ್ಪ, ಅವನ ಹೆಂಡತಿ ಜಕ್ಕವ್ವ. ಅವರಿಗೆ ಒಂದು ಹಿಂಡು ಕುರಿ, ಎರಡು ಎಮ್ಮೆ. ಮಾಳಪ್ಪ ಮಾತು ಕಡಿಮೆ, ಆಡಿದರೂ ಎಮ್ಮೆಗಳ ಜೊತೆ. ಜಕ್ಕವ್ವ ಅವನ ಪಾಲಿನದನ್ನೂ ಸೇರಿಸಿ ಆಡುತ್ತಿದ್ದಳು.

ಜಕ್ಕವ್ವನಿಗೆ ಒಂದೇ ಆಸೆ. ಮನೆಗೆ ಯಾರಾದರೂ ಬರಬೇಕು, ಉಣ್ಣಬೇಕು. ದಿನವೂ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು. ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದಳು. ಆ ಕಲ್ಲುಮಡ್ಡಿಗೆ ಯಾರು ಬರುತ್ತಾರೆ? ಹೆಚ್ಚಿನ ರೊಟ್ಟಿಗಳನ್ನು ಮಾರನೆಯ ದಿನ ಮಾಳಪ್ಪನೇ ಮಜ್ಜಿಗೆಯಲ್ಲಿ ಮುರಿದುಕೊಂಡು ತಿನ್ನುತ್ತಿದ್ದ. ಅವಳ ಮುಖ ಸಣ್ಣಗಾಗಿರುತ್ತಿತ್ತು.

ಗಾಳಿಗೆ ಅವಳನ್ನು ನೋಡಿ ಪಾಪ ಅನ್ನಿಸಿತು. ಗಾಳಿಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಗೊತ್ತಲ್ಲ. ಮೂರು ದಿನದ ದಾರಿಯಾಚೆ ಹೊಳೆದಂಡೆಯಲ್ಲಿ ಒಂದು ಪೇಟೆ ಇತ್ತು. ಆ ಪೇಟೆಯವರು ಕತ್ತಲೆಗೆ ಹೆದರಿ ಓಣಿಗೆ ನೂರು ಪಂಜು ಉರಿಸುತ್ತಿದ್ದರು. ಅಲ್ಲಿ ಹುಟ್ಟಿದ ಮಕ್ಕಳು ಚುಕ್ಕಿಯನ್ನೇ ಕಂಡಿರಲಿಲ್ಲ. ಗಾಳಿ ಅಲ್ಲಿ ಹೋಗಿ ಮನೆಮನೆಯ ಕಿಟಕಿಯಲ್ಲಿ ಹೇಳಿತು, ಮಡ್ಡಿಯ ಮೇಲೆ ಆಕಾಶ ತುಂಬ ಚುಕ್ಕಿಗಳಿವೆ, ಮನೆಯಲ್ಲಿ ಬಿಸಿ ರೊಟ್ಟಿ ಇದೆ, ಹೋಗಿಬನ್ನಿ ಎಂದು.

ಮೊದಲು ಬಂದವಳು ಗಾಣದ ಗುರುಬಾಯಿ. ಪೇಟೆಯ ಪಂಜುಗಳಿಗೆಲ್ಲ ಕುಸುಬಿ ಎಣ್ಣೆ ಹೋಗುತ್ತಿದ್ದದ್ದು ಅವಳ ಗಾಣದಿಂದಲೇ. ತಲೆ ನರೆತಿತ್ತು, ಕಾಲು ಗಟ್ಟಿಯಿತ್ತು. ಜಕ್ಕವ್ವ ಅವಳನ್ನು ಕೂಡಿಸಿ, ಕಾಲಿಗೆ ನೀರು ಕೊಟ್ಟು, ರೊಟ್ಟಿ, ಚಟ್ನಿಹಿಂಡಿ, ಗಟ್ಟಿ ಮೊಸರು ಬಡಿಸಿ, ಸಾಕು ಸಾಕು ಅಂದರೂ ಮತ್ತೊಂದು ಹಾಕಿ, ಆಮೇಲೆ ಹೊರಗೆ ಕರೆದುಕೊಂಡು ಬಂದು ಕಂಬಳಿ ಹಾಸಿದಳು.

ಗುರುಬಾಯಿ ಮೇಲೆ ನೋಡಿದಳು. ಕತ್ತು ನೋಯುವವರೆಗೂ ನೋಡುತ್ತಲೇ ಇದ್ದಳು.

“ಇಷ್ಟು ದಿನ ಇವು ಎಲ್ಲಿದ್ದುವು?” ಎಂದು ಕೊನೆಗೆ ಕೇಳಿದಳು.

“ಇಲ್ಲೇ ಇದ್ದುವಲ್ರಿ,” ಎಂದಳು ಜಕ್ಕವ್ವ. ಹೊಸ ಸೀರೆ ಉಟ್ಟು ತೋರಿಸುವವಳ ಹೆಮ್ಮೆ ಅವಳ ದನಿಯಲ್ಲಿತ್ತು.

ಬೆಳಗಿನ ಜಾವಕ್ಕೆ ಮಲಗಲು ಎದ್ದಾಗ ಗುರುಬಾಯಿಯ ಹೆಬ್ಬೆರಳು ಒಂದು ಕಲ್ಲಿಗೆ ತಾಗಿತು. ಉಗುರು ಕಿತ್ತು ರಕ್ತ ಬಂತು. ಏನೂ ಆಗಿಲ್ಲ ಎಂದು ಗುರುಬಾಯಿ ಎಷ್ಟು ಹೇಳಿದರೂ ಜಕ್ಕವ್ವ ಕೇಳಲಿಲ್ಲ. ಒಳಗೆ ಓಡಿ ಅರಿಸಿನ ತಂದು ಹಚ್ಚಿದಳು. ಜೀವಮಾನದಲ್ಲಿ ಮೊದಲ ಸಲ ಒಬ್ಬರು ಮನೆಗೆ ಬಂದರು, ಅವರ ರಕ್ತ ನನ್ನ ಅಂಗಳದಲ್ಲಿ ಬಿತ್ತು ಎಂದು ಅವಳಿಗೆ ಅಳುವೇ ಬಂತು.

ಗುರುಬಾಯಿ ಹೊರಡುವಾಗ ಸಣ್ಣ ಗಡಿಗೆಯಂಥ ಮಗಿಯಲ್ಲಿ ತಾನು ತಂದ ಎಣ್ಣೆಯನ್ನು ಅವಳ ಕೈಯಲ್ಲಿಟ್ಟಳು. ಉಂಡ ಮನೆಯಿಂದ ಏನೂ ಕೊಡದೆ ಹೊರಡುವುದು ಅವಳಿಗೆ ಗೊತ್ತಿರಲಿಲ್ಲ. ಜಕ್ಕವ್ವ ಅದೇ ಸಂಜೆ ಹಳ್ಳದ ಮಣ್ಣು ತಂದು ಪಣತಿ ಮಾಡಿದಳು. ಗುರುಬಾಯಿಯ ಬೆರಳಿಗೆ ತಾಗಿದ ಕಲ್ಲಿನ ಮೇಲೆ ಒಂದು ದೀಪ ಇಟ್ಟಳು. ಇನ್ನು ಮುಂದೆ ಬಂದವರು ಎಡವಬಾರದು ಅನ್ನುವುದಷ್ಟೇ ಅವಳ ಮನಸ್ಸಿನಲ್ಲಿ ಇದ್ದದ್ದು.

ಪೇಟೆಯಲ್ಲಿ ಗುರುಬಾಯಿ ಸುಮ್ಮನಿದ್ದಾಳೆಯೇ? ಎಣ್ಣೆಗೆ ಬಂದವರಿಗೆಲ್ಲ ಚುಕ್ಕಿಗಳ ಸುದ್ದಿ. ಹತ್ತು ಜನ ಬಂದರು, ಆಮೇಲೆ ಇಪ್ಪತ್ತು ಜನ ಬಂದರು. ಚಂದ್ರ ಇಲ್ಲದ ದಿನ ನೋಡಿಕೊಂಡು ಗುಂಪು ಗುಂಪಾಗಿ ಬರತೊಡಗಿದರು. ಬರುವವರೆಲ್ಲ ಒಂದೊಂದು ಮಗಿ ಎಣ್ಣೆ ತಂದರು. ಜಕ್ಕವ್ವ ಎರಡನೇ ಕಲ್ಲಿಗೆ ಒಂದು ದೀಪ ಇಟ್ಟಳು, ಮೂರನೇ ಕಲ್ಲಿಗೂ ಒಂದು ಇಟ್ಟಳು. ಆ ಮಡ್ಡಿಯಲ್ಲಿ ಕಲ್ಲಿಗೇನು ಬರವೇ? ದಾರಿಯುದ್ದಕ್ಕೂ ದೀಪ, ಅಂಗಳದ ಸುತ್ತ ದೀಪ, ಗೋಡೆಯ ಮೇಲೆ ದೀಪ, ಎಮ್ಮೆಯ ಗೂಟದ ಪಕ್ಕದಲ್ಲೂ ಒಂದು ದೀಪ.

ಒಮ್ಮೆ ಹಚ್ಚಿದ ದೀಪವನ್ನು ಅವಳು ಆರಿಸುತ್ತಲೂ ಇರಲಿಲ್ಲ. ಬಂದವರು ಮನೆಯಲ್ಲಿರುವಾಗ ದೀಪ ಆರಿಸಿದರೆ ಎದ್ದು ಹೋಗಿ ಎಂದು ಹೇಳಿದ ಹಾಗೆ ಎಂದು ಅವಳ ಅವ್ವ ಅವಳಿಗೆ ಕಲಿಸಿದ್ದಳು.

ನನಗೆ ಜಕ್ಕವ್ವನ ಮೇಲೆ ಸಿಟ್ಟಿಲ್ಲ. ಕಾದು ಕಾದು ಜನ ಬಂದಿದ್ದರು. ಅವಳ ಜಾಗದಲ್ಲಿದ್ದಿದ್ದರೆ ನಾನು ಜಾಲಿಮರಕ್ಕೂ ನಾಲ್ಕು ದೀಪ ಕಟ್ಟುತ್ತಿದ್ದೆ.

ಮೇಲೆ ಚುಕ್ಕಿಗಳಿಗೆ ಫಜೀತಿಯಾಯಿತು. ಮೊದಲು ಮಸುಕಾದವು ಸಣ್ಣ ಚುಕ್ಕಿಗಳು. ನಾವು ಇಲ್ಲೇ ಇದ್ದೇವೆ, ನಮ್ಮನ್ನು ಯಾಕೆ ಯಾರೂ ನೋಡುತ್ತಿಲ್ಲ ಎಂದು ಅವು ದೊಡ್ಡ ಚುಕ್ಕಿಗಳನ್ನು ಕೇಳಿದವು. ಕೆಳಗೆ ಬೆಳಕು ಹೆಚ್ಚಾಗಿದೆ, ಸ್ವಲ್ಪ ತಾಳಿ ಎಂದವು ದೊಡ್ಡವು. ಆಮೇಲೆ ಮೇಲಿನ ಹಳ್ಳ ತೆಳ್ಳಗಾಯಿತು. ಆಮೇಲೆ ಅದು ಕಾಣಲೇ ಇಲ್ಲ. ಕೆಳಗಿನ ಹಳ್ಳ ರಾತ್ರಿಯೆಲ್ಲ ಅಕ್ಕನನ್ನು ಕರೆದು ಕರೆದು ಸಾಕಾಗಿ ಸುಮ್ಮನಾಯಿತು.

ಬಂದವರು ಕಂಬಳಿಯ ಮೇಲೆ ಮಲಗಿ ಮೇಲೆ ನೋಡುವರು. ಏಳೋ ಎಂಟೋ ಚುಕ್ಕಿಗಳು ಕಾಣುತ್ತಿದ್ದವು. ಇಷ್ಟಕ್ಕೆ ಮೂರು ದಿನ ನಡೆದು ಬಂದೆವೇ ಎಂದು ಮನಸ್ಸಿನಲ್ಲೇ ಅಂದುಕೊಳ್ಳುವರು. ಆದರೆ ಉಂಡ ಮನೆಯಲ್ಲಿ ಹೇಗೆ ಹೇಳುವುದು? ಇಷ್ಟು ಅಕ್ಕರೆಯಿಂದ ಬಡಿಸಿದವಳಿಗೆ, ತಾಯಿ ನಿನ್ನ ದೀಪ ಹೆಚ್ಚಾಯಿತು ಅನ್ನುವುದು ಯಾವ ಬಾಯಿಂದ? ಭಾಳ ಛಲೋ ಆತು ಎಂದು ಹೇಳಿ, ಎಣ್ಣೆಯ ಮಗಿ ಕೊಟ್ಟು, ಕೈಮುಗಿದು ಹೋಗುತ್ತಿದ್ದರು. ಜಕ್ಕವ್ವ ಆ ಎಣ್ಣೆಯನ್ನು ಮತ್ತಷ್ಟು ದೀಪಕ್ಕೆ ಹಾಕುತ್ತಿದ್ದಳು.

ಆ ಬೇಸಿಗೆಯ ಕೊನೆಗೆ ಉರುಳವ್ವ ಬಸುರಿಯಾದಳು.

ಸಗಣಿಹುಳದ ಬಸುರಿನಲ್ಲಿ ಒಂದು ಕಷ್ಟವಿದೆ. ಹೊಸ ಸಗಣಿಯ ಉಂಡೆಯನ್ನು ಮೆತ್ತನೆ ಮಣ್ಣಿನಲ್ಲಿ ಹೂಳಬೇಕು. ಆ ಉಂಡೆಯೊಳಗೇ ಮೊಟ್ಟೆ ಇಡಬೇಕು. ಮರಿಗೆ ಅದೇ ತೊಟ್ಟಿಲು, ಅದೇ ಊಟ. ಸೂರ್ಯ ಹುಟ್ಟುವುದರೊಳಗೆ ಹೂಳದಿದ್ದರೆ ಬಿಸಿಲಿಗೆ ಉಂಡೆ ಒಣಗಿ ಕಲ್ಲಾಗುತ್ತದೆ. ಉಂಡೆ ಇಲ್ಲದಿದ್ದರೆ ಮರಿಯೂ ಇಲ್ಲ. ಉರುಳವ್ವನ ಹೊಟ್ಟೆಯಲ್ಲಿದ್ದದ್ದು ಒಂದೇ ಮೊಟ್ಟೆ, ಅದು ಇನ್ನು ಮೂರು ರಾತ್ರಿ ಮಾತ್ರ ತಡೆಯುತ್ತಿತ್ತು.

ಮೊದಲನೆಯ ರಾತ್ರಿ ಉರುಳವ್ವ ಎಮ್ಮೆಯ ಗೂಟದ ಬಳಿ ಚೆಂದದ ಉಂಡೆ ಕಟ್ಟಿದಳು. ಮೇಲೆ ನೋಡಿದಳು. ಮೇಲಿನ ಹಳ್ಳ ಇರಲಿಲ್ಲ. ಇರಲಿ, ದಾರಿ ನನಗೆ ಗೊತ್ತಿದ್ದದ್ದೇ ಎಂದುಕೊಂಡು ತಲೆ ಕೆಳಗೆ ಹಾಕಿ ಹೊರಟಳು. ಒದ್ದಳು, ಉರುಳಿಸಿದಳು. ಒದ್ದಳು, ಉರುಳಿಸಿದಳು. ರಾತ್ರಿಯೆಲ್ಲ ನಡೆದು ಬೆಳಗಿನ ಜಾವ ತಲೆ ಎತ್ತಿದರೆ ಎದುರಿಗೆ ಅದೇ ಎಮ್ಮೆ, ಅದೇ ಗೂಟ. ದೊಡ್ಡದೊಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದಿದ್ದಳು. ಅಲ್ಲಿ ಕೂತು ಕಾಯುತ್ತಿದ್ದ ಒಬ್ಬ ಸೋಮಾರಿ ಹುಳು ಬಂದು, ಆಯಾಸದಿಂದ ಕೂತಿದ್ದವಳ ಕಣ್ಣೆದುರೇ ಉಂಡೆಯನ್ನು ತೆಗೆದುಕೊಂಡು ಹೋದ. ಅಂಥವರು ಲೋಕ ಹೊಸದಾಗಿದ್ದಾಗಲೂ ಇದ್ದರು.

ಎರಡನೆಯ ರಾತ್ರಿ ಮತ್ತೆ ಉಂಡೆ ಕಟ್ಟಿದಳು. ಕೆಳಗಿನ ಹಳ್ಳವನ್ನು ಕೂಗಿ, ನೀನಾದರೂ ಸದ್ದು ಮಾಡು, ಆ ಸದ್ದಿನ ಕಡೆಗೆ ಬರುತ್ತೇನೆ ಎಂದಳು. ಹಳ್ಳ ಬೇಸಿಗೆಗೆ ಬತ್ತಿ ದಾರದಷ್ಟಾಗಿತ್ತು. ಸದ್ದು ಮಾಡಲು ನನ್ನಲ್ಲಿ ನೀರಿಲ್ಲ, ಅಕ್ಕನಿಲ್ಲದೆ ಮನಸ್ಸೂ ಇಲ್ಲ ಎಂದು ಹಳ್ಳ ಪಿಸುಗುಟ್ಟಿತು. ಉರುಳವ್ವ ಎಲ್ಲಕ್ಕಿಂತ ಹೆಚ್ಚು ಬೆಳಕಿದ್ದ ಕಡೆಯೇ ಮೇಲಿನ ಹಳ್ಳ ಇರಬೇಕೆಂದು ಆ ಕಡೆ ನೋಡಿಕೊಂಡು ನಡೆದಳು.

ಆ ಬೆಳಕು ಜಕ್ಕವ್ವನ ಮನೆಯದು. ಒಳಗೆ ಪೇಟೆಯ ಹದಿನೈದು ಮಂದಿ ಸಾಲಾಗಿ ಊಟಕ್ಕೆ ಕೂತಿದ್ದರು. ಉರುಳವ್ವ ಹಿಮ್ಮುಖವಾಗಿ ಹೊಸ್ತಿಲು ದಾಟಿ, ಸಾಲಿನ ನಡುವೆ ಉಂಡೆ ಉರುಳಿಸಿಕೊಂಡು ಹೋಗಿ, ಒಬ್ಬ ದಪ್ಪ ಮನುಷ್ಯನ ರೊಟ್ಟಿಗೆ ತಾಗಿಸಿ ನಿಲ್ಲಿಸಿದಳು. ಅವನು ಬೆಲ್ಲದುಂಡೆ ಬಂತೆಂದು ಕೈ ಚಾಚಿದ್ದ. ಆಮೇಲೆ ಆದ ಗದ್ದಲ ಕೇಳಬೇಡ.

ಜಕ್ಕವ್ವನಿಗೆ ನಾಚಿಕೆಯಿಂದ ಜೀವ ಹಿಡಿಯಷ್ಟಾಯಿತು. ಉಂಡೆಯನ್ನು ಹೊರಗೆ ಎಸೆದು, ಉರುಳವ್ವನನ್ನು ಮೊರದಲ್ಲಿ ಎತ್ತಿಕೊಂಡು ಹೋಗಿ ಅಂಗಳದಾಚೆ ಬಿಟ್ಟಳು. ಜೋಳ ಕೇರುವ ಮೊರವದು, ಅದನ್ನು ಮೂರು ಸಲ ತೊಳೆದಳು. ಉರುಳವ್ವ ಏನೋ ಹೇಳಲು ಬಾಯಿ ತೆಗೆದಳು. ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಮೂರನೆಯ ದಿನ ಉರುಳವ್ವ ಗಾಳಿಯನ್ನು ಕರೆದು ತನ್ನ ಕಷ್ಟ ಹೇಳಿಕೊಂಡಳು. ಗಾಳಿಗೆ ಪಶ್ಚಾತ್ತಾಪವಾಯಿತು. ಪೇಟೆಗೆ ಹೋಗಿ ಊದಿದ್ದು ತಾನೇ ತಾನೆ? ಇದನ್ನೂ ನಾನೇ ಸರಿಮಾಡುತ್ತೇನೆ ಎಂದು ಕತ್ತಲಾಗುತ್ತಲೇ ಮಡ್ಡಿಗೆ ನುಗ್ಗಿ ಒಂದೇ ಉಸಿರಿಗೆ ಇಪ್ಪತ್ತು ದೀಪ ಆರಿಸಿತು. ಜಕ್ಕವ್ವ ಹಿಂದಿನಿಂದಲೇ ಬಂದು ಇಪ್ಪತ್ತನ್ನೂ ಹಚ್ಚಿದಳು. ಗಾಳಿ ಮೂವತ್ತು ಆರಿಸಿತು. ಅವಳು ಮೂವತ್ತನ್ನೂ ಹಚ್ಚಿ, ಸುತ್ತ ಕಲ್ಲು ಒಟ್ಟಿ ಮರೆ ಮಾಡಿದಳು. ಜಕ್ಕವ್ವನ ಹಟದ ಮುಂದೆ ಗಾಳಿಯ ಉಸಿರು ಕಟ್ಟಿತು. ನನ್ನಿಂದಾಗುವುದಿಲ್ಲ ತಂಗಿ ಎಂದು ಜಾಲಿಯ ಬುಡದಲ್ಲಿ ಕೂತುಬಿಟ್ಟಿತು.

ಇನ್ನು ಉಳಿದದ್ದು ಅದೊಂದೇ ರಾತ್ರಿ. ಉರುಳವ್ವ ಮೂರನೆಯ ಉಂಡೆ ಕಟ್ಟಿದಳು. ಹೊಟ್ಟೆಯೊಳಗೆ ಮೊಟ್ಟೆ ಭಾರವಾಗಿ ಕೆಳಗೆ ಜಗ್ಗುತ್ತಿತ್ತು. ಅವಳಿಗೆ ಭಯವಾಗಿತ್ತು. ಉಂಡೆಯನ್ನು ಅಂಗಳದ ಅಂಚಿನಲ್ಲಿ ನಿಲ್ಲಿಸಿ, ಈ ಸಲ ನೆಟ್ಟಗೆ, ಮುಂದೆ ನೋಡಿಕೊಂಡು ನಡೆದು ಬಂದು, ಜಕ್ಕವ್ವನ ಹೊಸ್ತಿಲ ಮೇಲೆ ನಿಂತಳು.

ಒಳಗೆ ಆ ದಿನ ಗುರುಬಾಯಿಯೂ ಇದ್ದಳು. ಜಕ್ಕವ್ವ ಹುಳವನ್ನು ನೋಡಿ ಮೊರಕ್ಕೆ ಕೈಹಾಕಿದಳು.

“ಉಂಡಿ ಹೊರಗ ಬಿಟ್ಟು ಬಂದೀನಿ, ಯವ್ವ,” ಎಂದಳು ಉರುಳವ್ವ. “ನಾ ಬಸುರಿ. ಇವತ್ತಿನದು ಒಂದ ರಾತ್ರಿ ಉಳಿದೈತಿ.”

ಜಕ್ಕವ್ವನ ಕೈ ಅಲ್ಲೇ ನಿಂತಿತು. ಮುಖದ ಸಿಟ್ಟು ಎಲ್ಲಿ ಹೋಯಿತೋ. ಬಸುರಿ ಹೆಂಗಸು ಬಾಗಿಲಿಗೆ ಬಂದರೆ ಬಯಕೆ ಕೇಳದೆ ಕಳಿಸಬಾರದು, ಕೇಳಿದ್ದನ್ನು ಇಲ್ಲ ಅನ್ನಬಾರದು. ಇದನ್ನೂ ಅವಳ ಅವ್ವನೇ ಕಲಿಸಿದ್ದಳು.

“ಮೊದಲ ಯಾಕ ಹೇಳಲಿಲ್ಲ?” ಎಂದಳು. “ಬಾ, ಕುಂದರು. ಏನ ತಿನ್ನಬೇಕು ಅನಸ್ತೈತಿ, ಹೇಳು. ಹುಣಸಿಹಣ್ಣು ಬೇಕಾ? ಬೆಲ್ಲ ಬೇಕಾ?”

“ತಿನ್ನೂದು ಏನೂ ಬ್ಯಾಡ,” ಎಂದಳು ಉರುಳವ್ವ. “ನನಗ ಕತ್ತಲ ಬೇಕು.”

ಉರುಳವ್ವ ಎಲ್ಲವನ್ನೂ ಹೇಳಿದಳು. ಮೇಲಿನ ಹಳ್ಳ ಕಾಣದೆ ಎರಡು ರಾತ್ರಿ ಸುತ್ತಿದ್ದು, ಉಂಡೆ ಕಳೆದುಕೊಂಡಿದ್ದು, ಸೂರ್ಯ ಹುಟ್ಟಿದರೆ ಏನಾಗುತ್ತದೆ ಎಂಬುದು. ಯಾರನ್ನೂ ದೂರಲಿಲ್ಲ. ನಿನ್ನೆ ಊಟದ ಹೊತ್ತಿಗೆ ಬಂದದ್ದು ತಪ್ಪಾಯಿತು ಎಂದು ದಪ್ಪ ಮನುಷ್ಯನಿಗೂ ಹೇಳಿದಳು.

ಜಕ್ಕವ್ವ ಬಾಗಿಲಲ್ಲಿ ಕಂಬದಂತೆ ನಿಂತಳು. ಬಸುರಿಗೆ ಇಲ್ಲ ಅನ್ನುವಂತಿಲ್ಲ. ಬಂದವರು ಇರುವಾಗ ದೀಪ ಆರಿಸುವಂತಿಲ್ಲ. ಎರಡೂ ಅವ್ವನ ಮಾತೇ. ಅವಳು ಮಾಳಪ್ಪನ ಕಡೆ ನೋಡಿದಳು. ಮಾಳಪ್ಪ ಎಮ್ಮೆಯ ಕಡೆ ನೋಡಿದ.

ಆಗ ಗುರುಬಾಯಿ ತಾಟು ಸರಿಸಿ ಎದ್ದು ಬಂದಳು.

“ಜಕ್ಕವ್ವ, ತಪ್ಪು ತಿಳೀಬ್ಯಾಡ,” ಎಂದಳು. “ಮೊದಲ ಸಲ ಬಂದಾಗ ನಾ ಚುಕ್ಕಿ ನೋಡಿದ್ದೆ. ಆಮೇಲೆ ಬಂದಾಗೆಲ್ಲ ನಿನ್ನ ದೀಪ ನೋಡಿ ಹೋಗೀನಿ. ನಿನಗ ಬ್ಯಾಸರ ಆದೀತಂತ ಬಾಯಿ ಬಿಡಲಿಲ್ಲ. ಎಣ್ಣಿ ತಂದಾಕಿನೂ ನಾನ ಅಲಾ.”

ಜಕ್ಕವ್ವನಿಗೆ ಬೇಸರವಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಬೇಸರವಾಯಿತು. ಬಂದವರಿಗಾಗಿ ರಾತ್ರಿಯೆಲ್ಲ ಬತ್ತಿ ಹೊಸೆದ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಹೊರಗೆ ಹೋಗಿ, ಎಷ್ಟೋ ದಿನಗಳ ಮೇಲೆ ತಾನೂ ಮೇಲೆ ನೋಡಿದಳು. ದೀಪ ಇಡುವ ಅವಸರದಲ್ಲಿ ಅವಳು ಆಕಾಶ ನೋಡುವುದನ್ನೇ ಬಿಟ್ಟಿದ್ದಳು. ಬಂದವರಿಗೆ ತೋರಿಸುತ್ತೇನೆಂದು ಕರೆದದ್ದು ಅಲ್ಲಿ ಇರಲಿಲ್ಲ. ಅವಳಿಗೆ ಕಣ್ಣು ತುಂಬಿ ಬಂತು.

ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದವಳು ಮೂಲೆಯಲ್ಲಿದ್ದ ಗಡಿಗೆಗಳನ್ನೆಲ್ಲ ಎತ್ತಿ ಎತ್ತಿ ಹೊರಗಿಟ್ಟಳು. ಖಾಲಿ ಗಡಿಗೆ, ಒಡಕು ಗಡಿಗೆ, ಮೊಸರಿನ ಮಗಿ, ನೀರಿನ ಹರವಿ. ಅಷ್ಟೂ ಮಂದಿ ಅವಳು ಏನು ಮಾಡುತ್ತಾಳೆಂದು ನೋಡುತ್ತಿದ್ದರು.

“ದೀಪ ನಾ ಆರಸೂದಿಲ್ಲ,” ಎಂದಳು ಜಕ್ಕವ್ವ. “ಮಲಗಸ್ತೀನಿ. ಅವೂ ದಣದಾವ.”

ಮೊದಲ ದೀಪದ ಮೇಲೆ ಒಂದು ಗಡಿಗೆ ಬೋರಲು ಹಾಕಿದಳು. ಎರಡನೇ ದೀಪದ ಮೇಲೆ ಇನ್ನೊಂದು. ಬಂದವರು ಒಬ್ಬೊಬ್ಬರಾಗಿ ಎದ್ದರು. ಗುರುಬಾಯಿ ಹರವಿ ಹೊತ್ತಳು. ದಪ್ಪ ಮನುಷ್ಯ ತಾನು ಉಂಡ ತಾಟನ್ನೇ ತಂದ. ಮಾಳಪ್ಪ ಮಾತಾಡದೆ ಕುರಿಗೆ ನೀರಿಡುವ ಕಲ್ಲುಬಾನಿಯನ್ನು ಒಬ್ಬನೇ ಎತ್ತಿ ತಂದು ಮೂರು ದೀಪದ ಮೇಲೆ ಕವುಚಿದ. ಗಡಿಗೆಗಳು ಮುಗಿದ ಮೇಲೆ ಬುಟ್ಟಿಗೆ ಹಸಿ ಮಣ್ಣು ಮೆತ್ತಿ ಮುಚ್ಚಿದರು. ಒಳಗೆ ಒಲೆಯ ಪಕ್ಕ ಒಂದು ದೀಪ ಮಾತ್ರ ಉಳಿಯಿತು, ಅದರ ಬೆಳಕು ಹೊರಬೀಳದಂತೆ ಮನೆಯ ಬಾಗಿಲಿಗೂ ಜಕ್ಕವ್ವ ಕಂಬಳಿ ಕಟ್ಟಿದಳು.

ಬಸುರಿಯನ್ನು ಮನೆಯಿಂದ ಕಳಿಸುವಾಗ ಉಡಿ ತುಂಬುತ್ತಾರಲ್ಲ, ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬು ಹಾಕಿ? ಜಕ್ಕವ್ವ ಆ ರಾತ್ರಿ ಕತ್ತಲಿನಿಂದ ಉಡಿ ತುಂಬಿದಳು.

ಮೊದಮೊದಲು ಏನೂ ಕಾಣಲಿಲ್ಲ. ದೀಪಕ್ಕೆ ಹೊಂದಿಕೊಂಡ ಕಣ್ಣು ತಕ್ಷಣ ಕತ್ತಲೆಗೆ ತೆರೆಯುವುದಿಲ್ಲ. ಎಲ್ಲರೂ ಒಬ್ಬರ ಕೈ ಒಬ್ಬರು ಹಿಡಿದು ನಿಂತರು. ಆಮೇಲೆ ಒಂದು ಚುಕ್ಕಿ ಬಂತು, ಅದರ ಪಕ್ಕ ಇನ್ನೆರಡು ಬಂದವು. ಆಮೇಲೆ ಸಣ್ಣವೆಲ್ಲ ಒಂದರ ಹಿಂದೆ ಒಂದು ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತವು. ಕೊನೆಗೆ ಈ ತುದಿಯಿಂದ ಆ ತುದಿಗೆ ಮೇಲಿನ ಹಳ್ಳ ತುಂಬಿ ಹರಿಯಿತು. ಕೆಳಗಿನ ಹಳ್ಳ ಇದ್ದಷ್ಟು ನೀರಿನಲ್ಲೇ ಗುಳುಗುಳು ಎಂದಿತು.

ಪೇಟೆಯವರು ಕೂತರು, ಕೆಲವರು ಮಲಗಿಯೇ ಬಿಟ್ಟರು. ಯಾರೂ ಛಲೋ ಆತು ಎನ್ನಲಿಲ್ಲ. ಹೇಳಬೇಕೆಂಬುದೇ ಯಾರಿಗೂ ನೆನಪಾಗಲಿಲ್ಲ. ದಪ್ಪ ಮನುಷ್ಯ ಸದ್ದಿಲ್ಲದೆ ಅಳುತ್ತಿದ್ದ. ಜಕ್ಕವ್ವ ಅದನ್ನು ನೋಡಿದಳು. ಅಷ್ಟು ದಿನ ಬಡಿಸಿದ ರೊಟ್ಟಿಗಿಂತ ಇದು ದೊಡ್ಡ ಊಟ ಎಂದು ಅವಳಿಗೆ ಅರ್ಥವಾಯಿತು.

ಉರುಳವ್ವ ಅಂಗಳದ ಅಂಚಿಗೆ ಓಡಿದಳು. ಉಂಡೆ ಇಟ್ಟಲ್ಲೇ ಇತ್ತು. ತಲೆ ಕೆಳಗೆ ಹಾಕಿ ಹೊರಡಬೇಕು. ಹೊತ್ತು ಬಹಳವಾಗಿತ್ತು, ಸೂರ್ಯ ಹುಟ್ಟುವುದು ದೂರವಿರಲಿಲ್ಲ. ಆದರೆ ಅವಳಿಗೆ ಹಾಗೇ ಹೊರಡಲು ಮನಸ್ಸಾಗಲಿಲ್ಲ.

ಅವಳು ಉಂಡೆಯ ಮೇಲೆ ಹತ್ತಿದಳು. ಅಲ್ಲಿಯತನಕ ಯಾವ ಸಗಣಿಹುಳವೂ ಹಾಗೆ ಹತ್ತಿರಲಿಲ್ಲ, ಹತ್ತುವ ಅಗತ್ಯ ಬಿದ್ದಿರಲಿಲ್ಲ. ಉಂಡೆಯ ನೆತ್ತಿಯ ಮೇಲೆ ನಿಂತು ಮೇಲಿನ ಹಳ್ಳವನ್ನು ನೋಡಿದಳು. ನಂತರ ಮೆಲ್ಲಗೆ ಸುತ್ತು ತಿರುಗಿದಳು. ಜಕ್ಕವ್ವನ ಮನೆಯ ಕಡೆ ತಿರುಗಿ ತಲೆ ಬಾಗಿಸಿದಳು. ಕೈಯಲ್ಲಿ ಇನ್ನೂ ಹರವಿ ಹಿಡಿದಿದ್ದ ಗುರುಬಾಯಿಯ ಕಡೆ, ಜಾಲಿಯ ಬುಡದಲ್ಲಿ ಕೂತ ಗಾಳಿಯ ಕಡೆ, ಹಳ್ಳದ ಕಡೆ, ಮಾಳಪ್ಪನ ಎಮ್ಮೆಯ ಕಡೆಯೂ ತಿರುಗಿದಳು. ಒಂದು ಸುತ್ತು ಮುಗಿದಾಗ ಯಾರನ್ನೂ ಬಿಟ್ಟಿರಲಿಲ್ಲ. ಮೇಲಿನ ಹಳ್ಳ ಇಷ್ಟು ದಿನ ಇದ್ದದ್ದಕ್ಕೆ, ಹೋಗಿ ಮತ್ತೆ ಬಂದದ್ದಕ್ಕೆ ಅವಳ ಎದೆ ತುಂಬಿತ್ತು.

ಆಮೇಲೆ ಕೆಳಗಿಳಿದು, ತಲೆ ಕೆಳಗೆ ಹಾಕಿ, ಮೇಲಿನ ಹಳ್ಳವನ್ನು ಎಡಗಣ್ಣಿನಲ್ಲಿ ಇಟ್ಟುಕೊಂಡು ನೆಟ್ಟಗೆ ಹೋದಳು. ಎಲ್ಲೂ ಸುತ್ತಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಪೂರ್ವ ಬೆಳ್ಳಗಾಗುವ ಹೊತ್ತಿಗೆ ಹಳ್ಳದ ದಂಡೆಯಲ್ಲಿ ಗುಂಡಿ ತೋಡಿ, ಉಂಡೆ ಇಳಿಸಿ, ಮೊಟ್ಟೆ ಇಟ್ಟು, ಮೇಲೆ ಮಣ್ಣು ಎಳೆದಳು. ಸೂರ್ಯ ಬಂದು ಇಣುಕಿ ನೋಡಿದಾಗ ಅಲ್ಲಿ ಒಂದು ಹಿಡಿ ಸಡಿಲ ಮಣ್ಣು ಬಿಟ್ಟು ಬೇರೇನೂ ಕಾಣಲಿಲ್ಲ.

ಮಳೆ ಬಂತು. ಮಣ್ಣೊಡೆದು ಉರುಳವ್ವನ ಮಗಳು ಹೊರಬಂದಳು, ಬೆನ್ನು ಅವ್ವನದಷ್ಟೇ ಹೊಳೆಯುತ್ತಿತ್ತು. ಉಂಡೆ ಹೂಳಿದ್ದ ಕಡೆ ಹುಲ್ಲು ಮೊಣಕಾಲುದ್ದ ಬೆಳೆಯಿತು. ಜಕ್ಕವ್ವನ ಕುರಿಗಳು ಅದನ್ನು ಮೇಯ್ದು ಮೈತುಂಬಿಕೊಂಡವು. ಆ ವರ್ಷ ಜಕ್ಕವ್ವ ಮೊದಲ ಮೊಸರನ್ನು ಹಳ್ಳದ ದಂಡೆಯ ಮಣ್ಣಿಗೆ ಒಂದು ಮಿಳ್ಳೆ ಸುರಿದು ಬಂದಳು.

ಜನ ಬರುವುದು ನಿಲ್ಲಲಿಲ್ಲ, ಇನ್ನೂ ಹೆಚ್ಚಾದರು. ಕಲ್ಲುಗಳೂ ಇದ್ದಲ್ಲೇ ಇದ್ದವು. ಜಕ್ಕವ್ವ ಈಗ ಬಂದವರನ್ನು ಒಬ್ಬೊಬ್ಬರನ್ನೇ ಕೈಹಿಡಿದು, ಇಲ್ಲಿ ಕಲ್ಲಿದೆ, ಇಲ್ಲಿ ತಗ್ಗಿದೆ ಎಂದು ಹೇಳುತ್ತ ಕಂಬಳಿಯವರೆಗೆ ನಡೆಸಿಕೊಂಡು ಹೋಗುತ್ತಿದ್ದಳು. ದೀಪ ಇದ್ದಾಗ ಯಾರೂ ಅವಳ ಕೈ ಹಿಡಿದಿರಲಿಲ್ಲ. ಅವಳಿಗೆ ಇದೇ ಹೆಚ್ಚು ಇಷ್ಟವಾಯಿತು. ಗುರುಬಾಯಿ ಪೇಟೆಗೆ ಹೋಗಿ ತನ್ನ ಓಣಿಯ ಪಂಜುಗಳ ಮೇಲೂ ಗಡಿಗೆ ಕವುಚುವುದನ್ನು ಕಲಿಸಿದಳು. ಎಣ್ಣೆ ಕಡಿಮೆ ಹೋಯಿತು, ಆದರೆ ಆ ಓಣಿಯ ಮಕ್ಕಳು ಚುಕ್ಕಿ ಎಣಿಸಲು ಕಲಿತರು.

ಉರುಳವ್ವ ಮಗಳಿಗೆ ಉಂಡೆ ಕಟ್ಟುವುದನ್ನು ಕಲಿಸಿದ ದಿನವೇ ಅದರ ಮೇಲೆ ಹತ್ತುವುದನ್ನೂ ಕಲಿಸಿದಳು. ಮಗಳು ತನ್ನ ಮಗಳಿಗೆ ಕಲಿಸಿದಳು. ಹಗಲು ಹೊರಡುವ ಅವರ ದಾಯಾದಿಗಳೂ ಕಲಿತು, ಸೂರ್ಯನನ್ನು ನೋಡಿ ತಿರುಗತೊಡಗಿದರು. ಒಳ್ಳೆಯ ಪದ್ಧತಿ ಯಾರ ಮನೆಯದಾದರೇನು ಎಂದು ಅವರು ಅಂದುಕೊಂಡಿರಬೇಕು.

ಅದಕ್ಕೇ, ಮಗೂ, ಇವತ್ತಿಗೂ ಸಗಣಿಹುಳು ಉಂಡೆ ಕಟ್ಟಿದ ಕೂಡಲೇ ಹೊರಡುವುದಿಲ್ಲ. ಉಂಡೆಯ ಮೇಲೆ ಹತ್ತಿ, ಆಕಾಶ ನೋಡುತ್ತ, ಎಲ್ಲರಿಗೂ ತಲೆಬಾಗಿಸಿ ಒಂದು ಸುತ್ತು ತಿರುಗುತ್ತದೆ, ಮತ್ತು ನಿನ್ನ ಕೈಯಲ್ಲಿ ಬ್ಯಾಟರಿ ಉರಿಯುತ್ತಿದ್ದರೆ, ನೀನು ಅದನ್ನು ಆರಿಸುವವರೆಗೂ ತಿರುಗುತ್ತಲೇ ಇರುತ್ತದೆ.